ಹೈಫಾ ಕದನದ ಮೈಸೂರು ರಾವುತರು

ಪ್ರಥಮ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಬ್ರಿಟಿಷರ ಪಕ್ಷದಲ್ಲಿ ಸೂಯೆಜ್ ಕಾಲುವೆಯ ರಕ್ಷಣೆಗೆ ತೆರಳಿತು. ಮುಂದೆ 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಪ್ಯಾಲೆಸ್ಟೈನಿನ ಹೈಫಾ ಬಂದರನ್ನು ತುರ್ಕರಿಂದ ವಶಪಡಿಸಿಕೊಂಡಿತು. ಕಾರ್ಮೆಲ್ ಬೆಟ್ಟದ ಫಿರಂಗಿಗಳನ್ನು ಭರ್ಜಿ ಹಿಡಿದ ರಾವುತರು ಎದುರಿಸಿದ್ದು ಸಾಮಾನ್ಯ ಸಾಹಸವಲ್ಲ.

ವಿಜಯದ ವೃತ್ತಾಂತದಲ್ಲಿ ಸೆರೆಸಿಕ್ಕ 1,350 ಶತ್ರುಸೈನಿಕರ ಸಂಖ್ಯೆ ಮೊದಲು ಬರುತ್ತದೆ. ಆದರೆ ಲಾಭವನ್ನಷ್ಟೇ ಬರೆದ ಲೆಕ್ಕ ಪೂರ್ಣವಾಗದು. ವಿಜಯಿ ಪಡೆಯಲ್ಲಿ ಅಂದು ಮಡಿದವರು 8, ಗಾಯಗೊಂಡವರು 34. ಅಸುನೀಗಿದ ಕುದುರೆಗಳು 60, ಗಾಯಗೊಂಡವು 83. ಯುದ್ಧದ ಕಾರಣವನ್ನೇ ಅರಿಯದ ಆ ಮೂಕಪ್ರಾಣಿಗಳು ಸವಾರರನ್ನು ನಂಬಿ ಗುಂಡಿನ ಮಳೆಗೆ ನುಗ್ಗಿದವು.

ದೆಹಲಿಯಲ್ಲಿ 1922ರಲ್ಲಿ ಸ್ಥಾಪಿತವಾದ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಜೋಧಪುರ, ಮೈಸೂರು, ಹೈದರಾಬಾದು ಸಂಸ್ಥಾನಗಳ ಸೈನಿಕರನ್ನು ನೆನಪಿಸುತ್ತವೆ. ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕಸ್ತಂಭವಾದರೋ ಮಹಾಯುದ್ಧದಲ್ಲಿ ಮಡಿದ ಮೈಸೂರು ಯೋಧರ ಹೆಸರುಗಳನ್ನೇ ಹೊತ್ತಿದೆ. ಅಲ್ಲಿ ಹಿಂದೂ ಮುಸ್ಲಿಮರ ಹೆಸರುಗಳು ಒಂದೇ ಕಲ್ಲಿನಲ್ಲಿ ಒಟ್ಟಿಗಿವೆ.

ವೀರರ ಸ್ಮರಣೆಯಲ್ಲಿ ಯುದ್ಧಕ್ಕೆ ತೆತ್ತ ಬೆಲೆಯ ಅರಿವೂ ಕೂಡಿರಬೇಕು. ಆ ಕಲ್ಲಿನ ಹೆಸರುಗಳನ್ನು ಓದುವವರಿಗೆ ಹೈಫಾದಲ್ಲಿ ಬಿದ್ದ 60 ಕುದುರೆಗಳೂ ನೆನಪಾಗಲಿ.