ರೋಗಿಸುರಕ್ಷತೆ: ಕೂಡಿ ಕಲಿಯುವ ತರಬೇತಿ

ಚಿಕಿತ್ಸೆಯಿಂದಲೇ ರೋಗಿಗೆ ಹಾನಿಯಾಗದಂತೆ ತಡೆಯಲು, ಬೇರೆ ಬೇರೆ ಆಸ್ಪತ್ರೆಗಳ ವೈದ್ಯರು, ನರ್ಸ್‌ಗಳು, ಆಡಳಿತಗಾರರು ತಂಡವಾಗಿ ಸೇರಿ, ತಮ್ಮಲ್ಲಿನ ಲೋಪಗಳನ್ನು ಮುಚ್ಚಿಡದೆ ಹೇಳಿಕೊಂಡು ತಿದ್ದಿಕೊಳ್ಳುವ ಪದ್ಧತಿ. ಅಮೆರಿಕದಲ್ಲಿ 1995ರಲ್ಲಿ ಇದಕ್ಕೊಂದು ವ್ಯವಸ್ಥಿತ ರೂಪ ಬಂತು. ಅಲ್ಲಿನ ಆಸ್ಪತ್ರೆಗಳಲ್ಲಿ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿರಬಹುದೆಂದು 1999ರ ವರದಿಯೊಂದು ಹೇಳಿದ ಮೇಲೆ ಜಗತ್ತು ಎಚ್ಚೆತ್ತುಕೊಂಡಿತು.

ಭಾರತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದಕ್ಕೆ ನೆಲೆ ಸಿಕ್ಕಿದ್ದು ಮುಂಬಯಿಯ ಟಾಟಾ ಮೆಮೋರಿಯಲ್ ಸೆಂಟರ್‌ನಿಂದ. 1952ರಲ್ಲಿ ಪರೇಲ್‌ನಲ್ಲಿ ಶುರುವಾದ ಅದರ ಸಂಶೋಧನಾ ಸಂಸ್ಥೆ 2002ರಲ್ಲಿ ನವಿ ಮುಂಬಯಿಯ ಖಾರಘರಕ್ಕೆ ಬಂದು, ಚಿಕಿತ್ಸೆ, ಸಂಶೋಧನೆ, ಶಿಕ್ಷಣ ಮೂರನ್ನೂ ನಡೆಸುವ ಆಕ್ಟ್ರೆಕ್ ಆಯಿತು. ಒಳ್ಳೆಯ ಚಿಕಿತ್ಸೆಗಾಗಿ ರೋಗಿಗಳು ಊರು ಬಿಟ್ಟು ಮುಂಬಯಿ ರೈಲು ಹತ್ತುವ ಸ್ಥಿತಿ ಮಾತ್ರ ತಪ್ಪಲಿಲ್ಲ. ಅದನ್ನು ಬದಲಿಸಲೆಂದು 2012ರಲ್ಲಿ ಹುಟ್ಟಿದ್ದು ನ್ಯಾಷನಲ್ ಕ್ಯಾನ್ಸರ್ ಗ್ರಿಡ್. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಸೇರಿ, ಇಂದು 300ಕ್ಕೂ ಹೆಚ್ಚು ಸಂಸ್ಥೆಗಳು ಇದರಲ್ಲಿವೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೊತೆಗೂಡಿ 2017ರ ಹೊತ್ತಿಗೆ ನೋವು ತಗ್ಗಿಸುವ ಉಪಶಾಮಕ ಆರೈಕೆಯ ಏಳು ತಂಡಗಳಿಗೆ ಇಂಥ ಕೂಡಿ ಕಲಿಯುವ ತರಬೇತಿ ಆರಂಭವಾಯಿತು. ಮುಂದೆ ಇದೇ 'ಈಕ್ವಿಪ್' ಹೆಸರಿನಲ್ಲಿ ಬೆಳೆಯಿತು. ಇದರ ಮುಖ್ಯ ಸಾಧನ ಟೊಯೋಟಾ ಕಾರ್ಖಾನೆಯಿಂದ ಬಂದ ಒಂದು ಎ3 ಹಾಳೆ. ಸಮಸ್ಯೆ ಏನು, ಈಗ ಕೆಲಸ ಹೇಗೆ ನಡೆಯುತ್ತಿದೆ, ಕಾರಣವೇನು, ಎಷ್ಟು ಸುಧಾರಿಸಬೇಕು, ಯಾವುದನ್ನು ಪ್ರಯೋಗಿಸಿ ನೋಡೋಣ: ಎಲ್ಲವೂ ಆ ಒಂದೇ ಪುಟದಲ್ಲಿ ಹಿಡಿಯಬೇಕು. ರೋಗಿಯ ನೋವನ್ನು ಎಷ್ಟು ಸಲ ಅಳೆದು ಬರೆದಿದ್ದಾರೆ ಎಂಬುದು ವಾರ್ಡಿನ ನರ್ಸ್‌ಗೆ ಗೊತ್ತು, ಮುಖ್ಯಸ್ಥರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಮುಖ್ಯಸ್ಥರೊಬ್ಬರನ್ನೇ ಕರೆದು ಕಲಿಸಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಇಡೀ ತಂಡವೇ ಕೂರಬೇಕು.

ಕರ್ನಾಟಕದಲ್ಲಿ ಇದಕ್ಕೂ ಮುಂಚೆಯೇ ಹೆರಿಗೆಯ ಸುರಕ್ಷತೆಗಾಗಿ ಒಂದು ಪ್ರಯೋಗ ನಡೆದಿತ್ತು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ತಪಾಸಣಾ ಪಟ್ಟಿಯನ್ನು ಜಿಲ್ಲಾಮಟ್ಟಕ್ಕಿಂತ ಕೆಳಗಿನ ಹೆರಿಗೆ ಕೇಂದ್ರವೊಂದರಲ್ಲಿ ಬಳಸಿದಾಗ, 29 ಅಗತ್ಯ ಕ್ರಮಗಳಲ್ಲಿ ಸರಾಸರಿ 10 ಮಾತ್ರ ಪಾಲನೆಯಾಗುತ್ತಿದ್ದುದು 25ಕ್ಕೇರಿತು. ಅದೇ ಪಟ್ಟಿಯನ್ನು ತರಬೇತಿಯೊಂದಿಗೆ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ಪರೀಕ್ಷಿಸಿದ ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು: ಸಿಬ್ಬಂದಿಯ ಕ್ರಮಪಾಲನೆ ಸುಧಾರಿಸಿತು, ತಾಯಿ-ಶಿಶು ಮರಣ ಗಮನಾರ್ಹವಾಗಿ ಇಳಿಯಲಿಲ್ಲ. ಆದ್ದರಿಂದ ತರಬೇತಿಯ ಜೊತೆಗೆ ಔಷಧ, ಸಲಕರಣೆ, ಸಾಕಷ್ಟು ಸಿಬ್ಬಂದಿಯನ್ನೂ ಸರ್ಕಾರಗಳು ಒದಗಿಸಲೇಬೇಕು.