ಕಳಲೆಗೆ ಮುಳ್ಳು ಯಾಕೆ?

ಫೈನಲ್ ಇಯರ್‌ನಲ್ಲಿ ನಾನೊಂದು ಪ್ರಾಜೆಕ್ಟ್ ಪ್ರಸ್ತಾವನೆ ಬರೆದಿದ್ದೆ, ಒಂದೂವರೆ ಪುಟ. ಮುಂಡಗೋಡದ ಕಡೆ ಭತ್ತ ಕಾಳುಗಟ್ಟುವ ಹೊತ್ತಿಗೆ ದಾಂಡೇಲಿ ಕಾಡಿನಿಂದ ಆನೆ ಬರ್ತಾವೆ. ಯಾವ ಊರಿಗೆ, ಯಾವ ದಾರಿಯಲ್ಲಿ, ಯಾವ ದಿನ ಬಂದ್ವು ಅಂತ ರೈತರನ್ನು ಕೇಳಿ ಬರೆದುಕೊಂಡು, ಮುಂದಿನ ಊರಿಗೆ ಮೊದಲೇ ಎಸ್ಸೆಮ್ಮೆಸ್ ಕಳಿಸೋಕಾಗುತ್ತಾ ನೋಡೋದು. ಗೈಡ್ ಪೂರ್ತಿ ಓದಿದರು. "ಚಲೋ ಐತಿ. ಆದ್ರ ಇದಕ್ಕ ಬೇಸ್ ಪೇಪರ್ ಎಲ್ಲೈತಿ?" ಅಂದರು. ಇರಲಿಲ್ಲ. ಕೊನೆಗೆ ನಾಲ್ವರು ದುಡ್ಡು ಹಾಕಿ ಹುಬ್ಬಳ್ಳಿಯಲ್ಲಿ ರೆಡಿಮೇಡ್ ಪ್ರಾಜೆಕ್ಟ್ ತಂದೆವು. ಮುಖ ನೋಡಿ ಹಾಜರಿ ಹಾಕುವ ಸಾಫ್ಟ್‌ವೇರ್. ವೈವಾ ದಿನ ಅದು ನನ್ನ ಮುಖವನ್ನೇ ಗುರುತಿಸಲಿಲ್ಲ!

ಎಷ್ಟೋ ವರ್ಷದ ಮೇಲೆ ಮಾಧವ ಗಾಡ್ಗೀಳರ ಬಿದಿರಿನ ಅಧ್ಯಯನದ ಕತೆ ಓದಿದಾಗ ಆ ಒಂದೂವರೆ ಪುಟ ನೆನಪಾಯ್ತು.

ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಹುಟ್ಟಿದ್ದು 1955ರಲ್ಲಿ. ಜೋಯಿಡಾ, ಹಳಿಯಾಳದ ಕಾಡುಗಳಲ್ಲಿ ಆಗ ಬಿದಿರಿಗೆ ಲೆಕ್ಕವೇ ಇಲ್ಲ ಅನ್ನೋ ಭಾವನೆ. ಸರ್ಕಾರ ಕಾರ್ಖಾನೆಗೆ ಬಿದಿರು ಕೊಟ್ಟಿದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಹೌದು, ಟನ್ನಿಗೆ. ಬುಟ್ಟಿ, ಮೊರ ಹೆಣೆಯುವ ಮೇದಾರರು ಪೇಟೆಯಲ್ಲಿ ಇದರ ಎಷ್ಟೋ ಪಟ್ಟು ಕೊಡಬೇಕಿತ್ತು. ಎರಡು ದಶಕ ಕಳೆಯುವುದರೊಳಗೆ ಬಿದಿರು ಕಡಿಮೆಯಾಯ್ತು. ಮೇದಾರರು ಕಾರ್ಖಾನೆ ಕಡೆ ಬೆರಳು ತೋರಿಸಿದರು, ಕಾರ್ಖಾನೆ ಹಳ್ಳಿಯವರ ಕಡೆ. 1970ರ ದಶಕದ ಮಧ್ಯದಲ್ಲಿ, ಆಗ ಹಣಕಾಸು ಸಚಿವರಾಗಿದ್ದ ಎಂ. ವೈ. ಘೋರ್ಪಡೆ ಇದನ್ನು ನೋಡಿ ಅಂತ ಗಾಡ್ಗೀಳರಿಗೆ ಹೇಳಿದರು. (ಘೋರ್ಪಡೆ ವನ್ಯಜೀವಿ ಛಾಯಾಗ್ರಾಹಕರೂ ಹೌದು. ಅಂಥ ಹಣಕಾಸು ಸಚಿವರು ಸಿಗೋದು ಅಪರೂಪ.)

ಗಾಡ್ಗೀಳ್ ಹಾರ್ವರ್ಡ್‌ನಲ್ಲಿ ಗಣಿತದ ಮಾದರಿಗಳ ಮೇಲೆ ಪಿಎಚ್‌ಡಿ ಮಾಡಿ, ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು. ಬೆಂಗಳೂರಲ್ಲೇ ಕೂತು ಲೆಕ್ಕ ಹಾಕಬಹುದಿತ್ತು. ಅವರು ಮತ್ತು ಎಸ್. ನರೇಂದ್ರ ಪ್ರಸಾದ್ ಕಾಡಿಗೆ ಹೋದರು.

ಆ ಕಾಲದ ಬೇಸ್ ಪೇಪರ್ ಅಂದ್ರೆ ಅರಣ್ಯ ಇಲಾಖೆಯ ಕಾರ್ಯಯೋಜನೆ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಕಂಟಿ ದಟ್ಟವಾಗಿರುತ್ತದಲ್ಲ, ಅದನ್ನು ಸವರಿದರೆ ಮೆಳೆ ಇಕ್ಕಟ್ಟಾಗದೆ ಚೆನ್ನಾಗಿ ಬೆಳೆಯುತ್ತದೆ ಅಂತ ಅದರಲ್ಲಿತ್ತು. ಹಳ್ಳಿಯವರು ಹೇಳಿದ್ದು ಉಲ್ಟಾ. ಮುಳ್ಳು ತೆಗೆದರೆ ಮಳೆಗಾಲದಲ್ಲಿ ಏಳುವ ಕಳಲೆಗೆ ದಿಕ್ಕೇ ಇಲ್ಲ, ದನ, ಮಂಗ, ಮುಳ್ಳುಹಂದಿ ಎಲ್ಲಾ ತಿಂದು ಹಾಕ್ತಾವೆ. ಇಬ್ಬರಲ್ಲಿ ಯಾರ ಮಾತು ಸರಿ ಅನ್ನೋದನ್ನು ಮೆಳೆಯ ಹತ್ತಿರವೇ ಹೋಗಿ ನೋಡಿದರು. ಹಳ್ಳಿಯವರು ಹೇಳಿದ್ದು ನಿಜವಾಗಿತ್ತು. ಬಿದಿರು ಉಳಿಸಲು ಮಾಡುತ್ತಿದ್ದ ಕೆಲಸವೇ ಮುಂದಿನ ಬಿದಿರನ್ನು ತಿನ್ನಿಸುತ್ತಿತ್ತು.

ನನಗೆ ಹೊಟ್ಟೆ ಉರಿದದ್ದು ಇಲ್ಲೇ. ಹಳಿಯಾಳದ ಸಂತೆಯಲ್ಲಿ ಕಳಲೆ ಕೊಂಡು ಪಲ್ಯ ಮಾಡಿ ತಿಂದ ಮನೆ ನಮ್ಮದು. ಮೆಳೆಯೊಳಗೆ ಕೈ ಹಾಕಿ ಮುಳ್ಳು ಚುಚ್ಚಿಸಿಕೊಂಡವರು ನಾವು. ಆ ಮುಳ್ಳು ಯಾಕಿದೆ ಅಂತ ಒಂದು ದಿನವೂ ಕೇಳಲಿಲ್ಲ. ಕಾಲೇಜಂತೂ ಕೇಳಿಸಲಿಲ್ಲ.

1990ರ ದಶಕದಲ್ಲಿ ಗಾಡ್ಗೀಳ್ ಪಶ್ಚಿಮ ಘಟ್ಟದ ಕಾಲೇಜು ಅಧ್ಯಾಪಕರು, ವಿದ್ಯಾರ್ಥಿಗಳನ್ನೇ ಸೇರಿಸಿ ಜೀವವೈವಿಧ್ಯ ದಾಖಲಿಸುವ ಜಾಲ ಕಟ್ಟಿದರು. ಅಂದರೆ ದಾರಿ ಆಗಲೇ ಇತ್ತು. ನಮ್ಮ ಕಾಲಕ್ಕೆ ಬರುವಷ್ಟರಲ್ಲಿ 'ಪರಿಸರ ಅಧ್ಯಯನ' ಅನ್ನೋದು ಜೆರಾಕ್ಸ್ ಅಂಗಡಿಯ ನೋಟ್ಸ್ ಆಗಿತ್ತು.

ಹೋದ ತಿಂಗಳು ಊರಿನ ಹುಡುಗಿಯೊಬ್ಬಳು ತನ್ನ ಪ್ರಾಜೆಕ್ಟ್ ಐಡಿಯಾ ಕಳಿಸಿ, "ಅಣ್ಣಾ, ಒಂಚೂರು ನೋಡ್ರಿ" ಅಂದಳು. ಯಾವ ಭಾಷೆಯಲ್ಲಿ ಕೋಡ್, ಎಷ್ಟು ಖರ್ಚು, ಎಲ್ಲಾ ಇತ್ತು. ನಾನು ಎರಡು ಸಾಲು ಸೇರಿಸಲು ಹೇಳಿದೆ: ಯಾರನ್ನು ಕೇಳ್ತೀಯ, ಮತ್ತೆ ಏನು ಕಂಡರೆ ನಿನ್ನ ಅಂದಾಜು ತಪ್ಪು ಅಂತ ಒಪ್ಕೋತೀಯ? ಅವಳ ಗೈಡ್ ಏನಂದ್ರೋ, ಇನ್ನೂ ಉತ್ತರ ಬಂದಿಲ್ಲ.

ನಿನ್ನೆ ಅಪ್ಪ ಫೋನ್ ಮಾಡಿದ್ದ. ಈ ಸಲವೂ ಆನೆ ಬಂದಾವಂತೆ. ಯಾವ ಕಡೆಯಿಂದ ಬಂದ್ವು ಅಂತ ಕೇಳಿ, ತಾರೀಖು ಹಾಕಿ ಬರ್ಕೊಂಡೆ.