ಸರಕಾರ ಕೊಡದ ಹಕ್ಕು: ಕ್ರೈಸ್ತ ನಂಬಿಕೆ ಮತ್ತು ಅಧಿಕಾರದ ಮಿತಿ

ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯ ಸುತ್ತಲಿನ ಸೀಮೆ 1948ಕ್ಕೆ ಮುಂಚೆ ಮೂರು ಆಡಳಿತಗಳಲ್ಲಿ ಹಂಚಿಹೋಗಿತ್ತು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು, ಗದಗ-ಬೆಟಗೇರಿ ಬ್ರಿಟಿಷರ ಧಾರವಾಡ ಜಿಲ್ಲೆಯದು. ಬೆಳಿಗ್ಗೆ ಶಿರಹಟ್ಟಿ ಬಿಟ್ಟು ಗದಗಿಗೆ ಹೊರಟವನು ಹೊತ್ತು ಮುಳುಗುವುದರೊಳಗೆ ಬೇರೊಂದು ಸರಕಾರದ ಕಾಯ್ದೆಯೊಳಗೆ ಬಂದಿರುತ್ತಿದ್ದ. ಹಕ್ಕು ಎನ್ನುವುದು ಸರಕಾರ ಕೊಟ್ಟದ್ದೇ ಆಗಿದ್ದರೆ, ಗಡಿ ದಾಟಿದೊಡನೆ ಅವನ ಹಕ್ಕೂ ಬದಲಾಗಬೇಕು. ಆದರೆ ನಡೆದು ಬಂದ ಮನುಷ್ಯ ಅವನೇ ಅಲ್ಲವೇ? ಹಕ್ಕಿನ ಮೂಲ ಸರಕಾರಕ್ಕಿಂತ ಮೇಲಿದೆ, ಅದು ದೇವರಿಂದ ಬಂದದ್ದು, ಆದ್ದರಿಂದ ಯಾವ ಸರಕಾರಕ್ಕೂ ಅದನ್ನು ಕಸಿಯುವ ಅಧಿಕಾರವಿಲ್ಲ ಎಂಬುದು ಈ ಪ್ರಶ್ನೆಗೆ ಕ್ರೈಸ್ತ ಚಿಂತನೆಯ ಒಂದು ದೊಡ್ಡ ಧಾರೆ ಕೊಟ್ಟ ಉತ್ತರ.

ಬೈಬಲ್ಲಿನ ನೆಲೆ

ಈ ವಾದದ ಬೇರು ಆದಿಕಾಂಡದ ಮೊದಲ ಅಧ್ಯಾಯದಲ್ಲಿದೆ. ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂದು ಅಲ್ಲಿ ಹೇಳಿದೆ. ಅರಸನಿಗೊಂದು, ಆಳಿಗೊಂದು ಎಂಬ ಭೇದ ಅಲ್ಲಿಲ್ಲ.

ರೈತಾಪಿ ಸೀಮೆಯವರ ಮನಸ್ಸಿಗೆ ನೇರವಾಗಿ ನಾಟುವುದು ನಾಬೋತನ ಕತೆ. ಅರಸ ಅಹಾಬನ ಅರಮನೆಯ ಪಕ್ಕದಲ್ಲೇ ನಾಬೋತನದೊಂದು ದ್ರಾಕ್ಷಿತೋಟವಿತ್ತು. ಅರಸ ಹಣ ಕೊಡುತ್ತೇನೆಂದ, ಬದಲಿ ತೋಟ ಕೊಡುತ್ತೇನೆಂದ. ಹಿರಿಯರಿಂದ ಬಂದ ಹೊಲ ಬಿಡಲಾರೆ ಎಂದು ನಾಬೋತ ಉತ್ತರಿಸಿದ. ರಾಣಿ ಈಜೆಬೆಲಳು ಸುಳ್ಳು ಸಾಕ್ಷಿ ಹುಟ್ಟಿಸಿ, ವಿಚಾರಣೆಯ ಹೆಸರಿನಲ್ಲಿ ಅವನನ್ನು ಕಲ್ಲೆಸೆದು ಕೊಲ್ಲಿಸಿದಳು. ಮೇಲ್ನೋಟಕ್ಕೆ ಎಲ್ಲವೂ ಕಾಯ್ದೆಯ ಪ್ರಕಾರವೇ ನಡೆದಿತ್ತು. ಆದರೂ ಪ್ರವಾದಿ ಎಲೀಯ ತೋಟಕ್ಕೇ ಬಂದು ಅರಸನನ್ನು ಕೊಲೆಗಾರನೆಂದು ಕರೆದ. ಕಾಯ್ದೆ ಮಾಡುವವನ ಮೇಲೂ ಒಂದು ಕಾಯ್ದೆಯಿದೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಕತೆ ನನಗೆ ಗೊತ್ತಿಲ್ಲ.

ಹೊಸ ಒಡಂಬಡಿಕೆಯಲ್ಲಿ ಪೇತ್ರ ಮತ್ತು ಸಂಗಡಿಗರು ಬೋಧನೆ ನಿಲ್ಲಿಸಿರೆಂಬ ಆಜ್ಞೆಯನ್ನು ಒಪ್ಪಲಿಲ್ಲ. ದೇವರ ಮಾತು ಮನುಷ್ಯರ ಮಾತಿಗಿಂತ ಮೊದಲು ಎಂದರು.

ಅದೇ ಗ್ರಂಥ, ಎರಡು ಓದು

ಇದೇ ಗ್ರಂಥವನ್ನು ಸಿಂಹಾಸನದ ಪರವಾಗಿಯೂ ಓದಿದವರಿದ್ದಾರೆ. ಅಧಿಕಾರಿಗಳಿಗೆ ಅಧೀನರಾಗಿರಿ ಎಂದು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಪೌಲ ಹೇಳುತ್ತಾನೆ. ಮುಂದೆ ಇಂಗ್ಲೆಂಡಿನ ಅರಸನೂ ಆದ ಸ್ಕಾಟ್ಲೆಂಡಿನ ಜೇಮ್ಸ್, ದೊರೆಗಳು ದೇವರಿಗೆ ಮಾತ್ರ ಉತ್ತರ ಕೊಡಬೇಕಾದವರೆಂದು 1598ರಲ್ಲಿ ಬರೆದ. ಅದೇ ನಾಡಿನ ಪಾದ್ರಿ ಸ್ಯಾಮ್ಯುಯೆಲ್ ರದರ್‌ಫರ್ಡ್ 1644ರಲ್ಲಿ ಇದಕ್ಕೆ ವಿರುದ್ಧವಾಗಿ, ಕಾಯ್ದೆಯೇ ಅರಸನಿಗೆ ಅರಸು ಎಂದು ವಾದಿಸಿದ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಹಕ್ಕುಗಳನ್ನು ಸೃಷ್ಟಿಕರ್ತನ ಕೊಡುಗೆ ಎಂದಿತು. ಅದನ್ನು ಬರೆದ ಜೆಫರ್‌ಸನ್ ಗುಲಾಮರನ್ನು ಇಟ್ಟುಕೊಂಡಿದ್ದವನು. ಗೋವೆಯಲ್ಲಿ ಪೋರ್ಚುಗೀಸರ ಧರ್ಮವಿಚಾರಣೆ 1560ರಿಂದ ಎರಡು ಶತಮಾನಕ್ಕೂ ಮಿಕ್ಕಿ ಜನರ ಮನಸ್ಸಾಕ್ಷಿಯನ್ನು ಹಿಂಸಿಸಿತು. ದೇವರ ಹೆಸರು ಅಧಿಕಾರಕ್ಕೆ ಬೇಲಿಯಾದದ್ದೂ ಉಂಟು, ಅಧಿಕಾರದ ಕೈಯ ದೊಣ್ಣೆಯಾದದ್ದೂ ಉಂಟು.

ಬೆಟಗೇರಿಯ ಮಿಶನ್

ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನೇಕಾರರ ಊರಾದ ಬೆಟಗೇರಿಗೆ ಬಂತು. ಆ ಕಾಲದಲ್ಲಿ ಮತ ಬದಲಿಸಿದವನಿಗೆ ಮನೆತನದ ಆಸ್ತಿ ತಪ್ಪುವ ಭಯವಿತ್ತು. ಜಾತಿ ಅಥವಾ ಮತ ಬಿಟ್ಟ ಕಾರಣಕ್ಕೆ ವಾರಸಾ ಹಕ್ಕು ಹೋಗದು ಎಂದು ಕಂಪನಿ ಸರಕಾರ 1850ರಲ್ಲಿ ಕಾಯ್ದೆ ಮಾಡಿತು. ಹಾಗೆ ರಕ್ಷಣೆ ಕೊಟ್ಟ ಬ್ರಿಟಿಷ್ ಆಡಳಿತವೇ ಮೊದಲನೇ ಮಹಾಯುದ್ಧದಲ್ಲಿ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು ದೇಶದಿಂದ ಹೊರಗೆ ಕಳಿಸಿತು. ಹಂಚು, ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸರಕಾರದ ಕೃಪೆಯನ್ನು ನೆಚ್ಚಿದ ಹಕ್ಕು ಎಷ್ಟು ದಿನ ಬಾಳುತ್ತದೆಂಬುದು ಅಲ್ಲಿ ಕಂಡಿತು.

ರಾಜಾಜ್ಞೆಗಿಂತ ನಂಬಿಕೆ ದೊಡ್ಡದೆಂಬ ಮಾತು ಕನ್ನಡ ನೆಲಕ್ಕೆ ಮಿಶನ್ನಿನೊಂದಿಗೇ ಬಂದದ್ದಲ್ಲ ಎಂಬುದನ್ನೂ ಹೇಳಬೇಕು. ಹರಳಯ್ಯ-ಮಧುವಯ್ಯರ ಮನೆಗಳ ಜಾತಿ ಮೀರಿದ ನೆಂಟಸ್ತನಕ್ಕೆ ಅರಸ ಬಿಜ್ಜಳ ಕೊಟ್ಟ ಶಿಕ್ಷೆಯನ್ನೂ ಶರಣರು ಅದಕ್ಕೆ ತಲೆಬಾಗದ್ದನ್ನೂ ಶರಣರ ಚರಿತ್ರೆಗಳು ಹೇಳುತ್ತಲೇ ಬಂದಿವೆ.

ಸಂವಿಧಾನ ಸಭೆಯಲ್ಲಿ ದೇವರ ಹೆಸರು

ಮಂಗಳೂರಿನಲ್ಲಿ ಹುಟ್ಟಿದವರೂ ಸಂವಿಧಾನ ಸಭೆಯಲ್ಲಿದ್ದರು. ಒಬ್ಬರು ಜೆಸುಯಿಟ್ ಪಾದ್ರಿ ಜೆರೋಮ್ ಡಿಸೋಜ. ಇನ್ನೊಬ್ಬರು ಎಚ್.ವಿ. ಕಾಮತ್. ಪೀಠಿಕೆಯನ್ನು ದೇವರ ಹೆಸರಿನಲ್ಲಿ ಆರಂಭಿಸಬೇಕೆಂದು 1949ರ ಅಕ್ಟೋಬರ್ 17ರಂದು ತಿದ್ದುಪಡಿ ತಂದವರು ಕ್ರೈಸ್ತರಲ್ಲ, ಈ ಕಾಮತರು. ಪರವಾಗಿ 41, ವಿರುದ್ಧವಾಗಿ 68 ಮತ ಬಿದ್ದು ಅದು ಸೋತಿತು. ಇಂಥ ವಿಷಯದಲ್ಲಿ ಯಾರ ಮೇಲೂ ಬಲವಂತ ಸಲ್ಲದು ಎಂದು ಹೃದಯನಾಥ ಕುಂಜ್ರು ವಿರೋಧಿಸಿದ್ದರು. ಆ ಸೋಲು ಸರಿಯಾದದ್ದೇ ಎಂದು ನಾನು ನಂಬುತ್ತೇನೆ. ಹಕ್ಕು ದೇವರಿಂದ ಬಂತೆಂದು ನಂಬುವುದಕ್ಕೂ ನಂಬದಿರುವುದಕ್ಕೂ ಅದು ಎಡೆ ಉಳಿಸಿತು. ದೇವರ ಹೆಸರಿನಲ್ಲಿಯೋ ಬರೀ ದೃಢೀಕರಿಸಿಯೋ ಪ್ರಮಾಣ ಮಾಡುವ ಆಯ್ಕೆಯನ್ನು ಮೂರನೇ ಅನುಸೂಚಿ ಇಂದಿಗೂ ಕೊಟ್ಟಿದೆ. ಆದರೆ ಮೂಲಭೂತ ಹಕ್ಕನ್ನು ಕಸಿಯುವ ಕಾನೂನು ಮಾಡಕೂಡದು ಎಂದು 13ನೇ ವಿಧಿ ಸರಕಾರಕ್ಕೆ ಗೆರೆ ಎಳೆಯಿತು.

ನ್ಯಾಯಾಲಯಗಳು ನಡೆದ ದಾರಿ

1967ರಲ್ಲಿ ಪಂಜಾಬಿನ ಕ್ರೈಸ್ತ ಮನೆತನವೊಂದರ ಗೋಲಕ್‌ನಾಥ್ ಮೊಕದ್ದಮೆಯಲ್ಲಿ, ನೈಸರ್ಗಿಕ ಹಕ್ಕುಗಳ ಇಂದಿನ ಹೆಸರೇ ಮೂಲಭೂತ ಹಕ್ಕು ಎಂದರು ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್. ಆ ತೀರ್ಪು 1973ರಲ್ಲಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ ಬದಲಾಯಿತಾದರೂ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಮುಟ್ಟುವಂತಿಲ್ಲವೆಂಬ ಗೆರೆ ಅಲ್ಲೇ ಮೂಡಿತು.

ನಿಜವಾದ ಪರೀಕ್ಷೆ ಬಂದದ್ದು ತುರ್ತು ಪರಿಸ್ಥಿತಿಯಲ್ಲಿ. ಬದುಕುವ ಹಕ್ಕಿಗೆ ಸಂವಿಧಾನದ 21ನೇ ವಿಧಿಯೊಂದೇ ಆಧಾರವಾಗಿದ್ದರೆ, ಆ ವಿಧಿಯ ಜಾರಿಯನ್ನು ಅಮಾನತಿನಲ್ಲಿಟ್ಟಾಗ ಹಕ್ಕು ಏನಾಗುತ್ತದೆ? ಕೋರ್ಟಿಗೆ ಹೋಗುವ ದಾರಿಯಿಲ್ಲ ಎಂದರು, 1976ರ ಏಪ್ರಿಲ್ 28ರಂದು, ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು. ಎಚ್.ಆರ್. ಖನ್ನಾ ಒಬ್ಬರೇ ಬೇರೆ ನಿಂತರು. 21ನೇ ವಿಧಿ ಇಲ್ಲದಿದ್ದರೂ ಕಾನೂನಿನ ಆಧಾರವಿಲ್ಲದೆ ಯಾರ ಪ್ರಾಣವನ್ನೂ ತೆಗೆಯುವ ಅಧಿಕಾರ ಸರಕಾರಕ್ಕಿಲ್ಲ ಎಂದರು. ಅದಕ್ಕೆ ಅವರು ತೆತ್ತದ್ದು ಮುಖ್ಯ ನ್ಯಾಯಮೂರ್ತಿಯ ಪದವಿಯನ್ನು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖನ್ನಾ ಹೇಳಿದ್ದೇ ಸರಿಯೆಂದಿತು. ನಾಬೋತನ ತೋಟದಲ್ಲಿ ಎಲೀಯ ಎಳೆದ ಗೆರೆಗೆ, ದೇವರ ಹೆಸರೆತ್ತದೆಯೇ, ಈ ದೇಶದ ಕೋರ್ಟು ಬಂದು ಮುಟ್ಟಿತು.

ಇಂದಿನ ಗೆರೆ

1986ರಲ್ಲಿ ಕೇರಳದ ಬಿಜೋ ಇಮ್ಯಾನುಯೆಲ್ ಮೊಕದ್ದಮೆಯಲ್ಲಿ, ರಾಷ್ಟ್ರಗೀತೆಗೆ ಎದ್ದು ನಿಂತರೂ ನಂಬಿಕೆಯ ಕಾರಣಕ್ಕೆ ಹಾಡದಿದ್ದ ಯೆಹೋವನ ಸಾಕ್ಷಿಗಳ ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ 25ನೇ ವಿಧಿಯ ಧರ್ಮಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಅದೇ ಕೋರ್ಟು 1977ರಲ್ಲಿ ತೀರ್ಮಾನಿಸಿತ್ತು. ಮತ ಬದಲಿಸುವವರು 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದು ಕರ್ನಾಟಕದ 2022ರ ಕಾಯ್ದೆ ವಿಧಿಸಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ನಿರ್ಧರಿಸಿತು. ಬಲವಂತ, ಮೋಸ, ಆಮಿಷಗಳನ್ನು ತಡೆಯುವುದು ಸರಕಾರದ ಕೆಲಸ. ದೊಡ್ಡವರೊಬ್ಬರು ತಮ್ಮ ನಂಬಿಕೆಯನ್ನು ಬದಲಿಸುವ ಮುನ್ನ ಕಚೇರಿಗೆ ಹೋಗಿ ಹೇಳಿಬರಬೇಕೆನ್ನುವುದು ಆ ಕೆಲಸದೊಳಗೆ ಬರುವುದಿಲ್ಲ.